ಉದಾಹರಣೆಗೆ ನನ್ನ ತಾಯಿ

ಮೂರನೇ ನಂಬರ್ ರೂಮಿನ ಗಂಡಹೆಂಡತಿ ಹತ್ತೂವರೆಯಾದರೂ ಎದ್ದಿರಲಿಲ್ಲ. ಒಗೆದು ಮಡಿಸಿದ ಬೆಡ್‌ಶೀಟುಗಳನ್ನು ಮಡಿಲಲ್ಲಿಟ್ಟುಕೊಂಡು ಸೌಮ್ಯ ಹೋಮ್‌ಸ್ಟೇಯ ವರಾಂಡದ ಮೆಟ್ಟಿಲ ಮೇಲೆ ಕೂತು ಅವರು ಏಳುವುದನ್ನೇ ಕಾಯುತ್ತಿದ್ದಳು. ಆ ಒಂದು ರೂಮು ಗುಡಿಸಿ ಹಾಸಿಗೆ ಬದಲಿಸಿದರೆ ಇವತ್ತಿನ ಕೆಲಸ ಮುಗಿಯಿತು. ಎರಡು ಗಂಟೆಗೆ ಸುಂಟಿಕೊಪ್ಪದ ಶಾಲೆಯಲ್ಲಿರಬೇಕು. ಇರಲೇಬೇಕೆಂದು ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುವಾಗ ಧನುಶ್ರೀ ಮೂರು ಸಲ ಹೇಳಿದ್ದಳು. "ನೀನು ಬರ್ದೆ ಇದ್ರೆ ಹೆಂಗಮ್ಮ? ಎಲ್ಲಾರ್ದೂ ಬರೀ ಚಾರ್ಟು. ನಂದು ಮಾತ್ರ ಉದಾಹರಣೆ ಸಮೇತ." ಆರನೇ ಕ್ಲಾಸಿನ ಹುಡುಗಿ. ವಿಜ್ಞಾನ ಪ್ರದರ್ಶನಕ್ಕೆ ಉಳಿದವರು ಜ್ವಾಲಾಮುಖಿ, ಹನಿ ನೀರಾವರಿ ಎಂದು ಹಿಡಿದುಕೊಂಡರೆ ಇವಳು 'ನಿದ್ರೆಯ ಹಂತಗಳು ಮತ್ತು ಕನಸು' ಎಂದು ಆರಿಸಿಕೊಂಡಿದ್ದಳು. ಜಡೆಯ ಕೊನೆಗೆ ರಬ್ಬರ್ ಬ್ಯಾಂಡು ಸುತ್ತುವಾಗ ಕೂದಲು ಸಿಕ್ಕಿಕೊಂಡು ಎಳೆಯಿತು. ಧನು "ಸ್ಸ್" ಎಂದಳು, ಅಷ್ಟೆ. ಹುಬ್ಬಿನ ಮಧ್ಯೆ ಕೂದಲು ಬೆಳೆಯದ ಬಿಳಿ ಗೆರೆಯೊಂದು, ಅರ್ಧ ಇಂಚಿನದು, ಕನ್ನಡಿಯಲ್ಲಿ ಕಾಣುತ್ತಿತ್ತು. ಸೌಮ್ಯ ಎರಡು ತಿಂಗಳಿಂದ ಮಗಳನ್ನು ಕನ್ನಡಿಗೆ ಬೆನ್ನು ಮಾಡಿ ಕೂರಿಸಿಯೇ ಜಡೆ ಹಾಕುತ್ತಿದ್ದಳು. ಇವತ್ತು ಅವಸರದಲ್ಲಿ ಮರೆತಿದ್ದಳು.

ಬೆಳಗಿನ ಹೊತ್ತಿನ ನಿದ್ದೆಯಲ್ಲೇ ಕನಸು ಜಾಸ್ತಿ ಎಂದು ಧನು ಹೇಳುತ್ತಾಳೆ. ಮಲಗಿದ ಕೂಡಲೇ ತೆಳು ನಿದ್ದೆ, ಆಮೇಲೆ ಇನ್ನಷ್ಟು, ಆಮೇಲೆ ಕಲ್ಲಿನಂಥ ಆಳದ ನಿದ್ದೆ. ಸುಮಾರು ಒಂದೂವರೆ ಗಂಟೆ ಕಳೆದ ಮೇಲೆ ಮೇಲಕ್ಕೆ ಬಂದು ಮೊದಲನೇ ಸಲ ಕನಸಿನ ನಿದ್ದೆ, ಅದೂ ಚೂರು. ಮತ್ತೆ ಇಳಿಯುವುದು, ಮತ್ತೆ ಹತ್ತುವುದು. ಬೆಳಗಾಗುತ್ತ ಬಂದ ಹಾಗೆ ಕನಸಿನ ಪಾಲು ದೊಡ್ಡದಾಗುತ್ತದಂತೆ. ಹಾಗಾದರೆ ಈ ಬಾಗಿಲ ಹಿಂದೆ ಮಲಗಿರುವವರು ಈಗ ಆ ದೊಡ್ಡ ಪಾಲನ್ನೇ ಉಣ್ಣುತ್ತಿದ್ದಾರೆ ಎಂದುಕೊಂಡಳು ಸೌಮ್ಯ. ನಾಲ್ಕೂವರೆಗೆ ಅಲಾರಾಂ ಹೊಡೆಸಿಕೊಂಡು ಏಳುವ ತನಗೆ ಅದು ಯಾವತ್ತೂ ಸಿಕ್ಕಿಲ್ಲ. ಮದುವೆಗೆ ಮುಂಚೆ ಕುಶಾಲನಗರದ ಆಚೆ ಅಪ್ಪನ ಮನೆಯಲ್ಲಿ, ಶುಂಠಿ ಕೀಳುವ ಕಾಲದಲ್ಲೂ ಹೀಗೇ ನಾಲ್ಕೂವರೆ. ಹಾಸನದ ಕಡೆಯಿಂದ ಬಂದು ಒಂದೂವರೆ ಎಕರೆ ಮಾಡಿಕೊಂಡ ಅಪ್ಪ, ಎದ್ದಿಲ್ಲದವರ ಮುಖಕ್ಕೆ ಚೆಂಬಿನಿಂದ ನೀರು ಹಾಕುತ್ತಿದ್ದ. ನೀರು ಬಿದ್ದ ಕ್ಷಣ ಏನೋ ಒಂದು ಕಾಣುತ್ತಿತ್ತು, ಪೂರ್ತಿ ಕಾಣುವ ಮೊದಲೇ ಹರಿದುಹೋಗುತ್ತಿತ್ತು. ಅದನ್ನೇ ಕನಸು ಎನ್ನುತ್ತಾರೇನೋ. ಯಾರಾದರೂ ನಿನ್ನೆ ಇಂಥ ಕನಸು ಬಿತ್ತು ಎಂದು ಉದ್ದಕ್ಕೆ ಹೇಳಿದರೆ ಸೌಮ್ಯಳಿಗೆ ಅವರು ಸುಳ್ಳು ಹೇಳುತ್ತಿದ್ದಾರೆ ಎನಿಸುತ್ತಿತ್ತು. ಈಗ ಊರಿಗೆಲ್ಲ ಕನಸಿನ ಹೆಂಗಸು ಅವಳೇ.

"ಏ ಸೌಮ್ಯ, ಇಲ್ಲಿ ಬಾ ಮಾರಾಯ್ತಿ." ತಿಂಡಿಯ ಮೇಜಿನ ಕಡೆಯಿಂದ ಕುಟ್ಟಪ್ಪ ಕರೆದರು. ಹೋಮ್‌ಸ್ಟೇ ಅವರದ್ದೇ. ಅತಿಥಿಗಳಿಗೆ ಕಡುಬು ಬಡಿಸಿ, ತೋಟದ ಮೆಣಸು ಎಂದು ತೋರಿಸಿ, ಕೊನೆಗೆ ಈ ಕಥೆ ಹೇಳುವುದು ಅವರ ಪದ್ಧತಿ. "ಇವ್ರು ನಂಬ್ತಾ ಇಲ್ಲ ನೋಡು. ಇವ್ಳೇ ಮೇಡಂ. ನಿದ್ದೆಲಿ ಆನೆಗೆ ಹೊಡ್ದವ್ಳು. ಹೊಡ್ದದ್ದು ಆನೆಗೆ, ಪೆಟ್ಟು ಬಿದ್ದದ್ದು ಪಕ್ಕದಲ್ಲಿ ಮಲ್ಗಿದ್ದ ಮಗಳಿಗೆ! ಇಡೀ ಲೈನು ಎದ್ದು ಡಬ್ಬ ಬಡಿದದ್ದೇ ಬಡಿದದ್ದು."

"ಅಯ್ಯೋ ಪಾಪ," ಎಂದಳು ತಿಂಡಿಗೆ ಕೂತಿದ್ದ ಕನ್ನಡಕದ ಹೆಂಗಸು, ನಗುತ್ತ. "ಕನಸಲ್ಲಿ ಎಷ್ಟು ಆನೆ ಇದ್ವು?"

"ಒಂದೇ ಮೇಡಂ."

"ಗಂಡೋ ಹೆಣ್ಣೋ?"

ಇದನ್ನು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಸೌಮ್ಯ ಬೆಡ್‌ಶೀಟನ್ನು ಇನ್ನೊಮ್ಮೆ ಮಡಿಸಿದಳು. "ಪಕ್ಕದಲ್ಲಿ ಮರಿ ಇತ್ತು. ಹೆಣ್ಣೇ ಇರ್ಬೇಕು," ಎಂದಳು.

"ಮರಿ ಬೇರೆ ಇತ್ತಾ? ನಂಗೆ ಹೇಳ್ಲೇ ಇಲ್ವಲ್ಲ ನೀನು!" ಕುಟ್ಟಪ್ಪನವರು ತೊಡೆ ತಟ್ಟಿಕೊಂಡರು. ನಾಳೆಯಿಂದ ಕಥೆಯಲ್ಲಿ ಮರಿಯೂ ಇರುತ್ತದೆ ಎಂದು ಅವಳಿಗೆ ಗೊತ್ತಾಯಿತು. ಪ್ರತಿ ಸಲವೂ ಹೀಗೆ, ಕೇಳಿದವರಿಗೆ ಒಂದೊಂದು ಕೊಟ್ಟು ಕೊಟ್ಟು, ಇಲ್ಲದ ಆನೆಗೆ ಸೊಂಡಿಲು, ಬಾಲ, ಹರಿದ ಕಿವಿ ಎಲ್ಲ ಬೆಳೆದಿತ್ತು. ಕೆಲವೊಮ್ಮೆ ಅದು ಅವಳಿಗೂ ಕಾಣುತ್ತಿತ್ತು, ಬಚ್ಚಲಲ್ಲಿ ಕೂತು ಒಗೆಯುವಾಗ, ಸ್ಪಷ್ಟವಾಗಿ. ಆದರೆ ಅವತ್ತು ಕಂಡಿರಲಿಲ್ಲ. ಅವತ್ತು ಯಾವ ಕನಸೂ ಬಿದ್ದಿರಲಿಲ್ಲ. ನಿದ್ದೆಯೇ ಬಂದಿರಲಿಲ್ಲ.

ಜನವರಿ ಮೊದಲ ವಾರ, ಹೊಸ ವರ್ಷದ ಗಿರಾಕಿಗಳು ಖಾಲಿ ಮಾಡಿಕೊಂಡು ಹೋದ ದಿನ. ಹನ್ನೊಂದು ಹಾಸಿಗೆ. ಒಂದರಲ್ಲಿ ಯಾರೋ ಕುಡಿದು ಕಾರಿದ್ದನ್ನು ಕೈಯಲ್ಲೇ ಉಜ್ಜಿ ತೊಳೆದು, ಮನೆಗೆ ಬಂದು ಅತ್ತೆ ಕಾಳಮ್ಮನಿಗೆ ಮುದ್ದೆ ಮಾಡಿಕೊಟ್ಟು, ತಾನು ಉಣ್ಣದೆ ಬಂದು ಬಿದ್ದುಕೊಂಡಿದ್ದಳು. ಗಂಡ ಲೋಕೇಶ್ ಪಿಕಪ್‌ನಲ್ಲಿ ಶುಂಠಿ ಹೇರಿಕೊಂಡು ಕೇರಳದ ಕಡೆ ಹೋಗಿದ್ದ. ಒಂಬತ್ತೂವರೆಗೆ ಫೋನಿನಲ್ಲಿ ಊರಿನ ಗುಂಪಿಗೆ ಮೆಸೇಜು ಬಂತು: ತೋಟದ ಕೆರೆ ಹತ್ತಿರ ಎರಡು ಕಾಡಾನೆ, ಯಾರೂ ಹೊರಗೆ ಬರಬೇಡಿ. ಇಂಥ ಮೆಸೇಜು ಬಂದ ರಾತ್ರಿ ಅವರ ಲೈನಿನ ಸಾಲು ಮನೆಗಳಲ್ಲಿ ಎಲ್ಲರೂ ತಲೆದಿಂಬಿನ ಪಕ್ಕ ಉದ್ದ ಟಾರ್ಚು, ಖಾಲಿ ಎಣ್ಣೆ ಡಬ್ಬ ಇಟ್ಟುಕೊಂಡೇ ಮಲಗುತ್ತಾರೆ. ಯಾವ ಮನೆಯಿಂದಲಾದರೂ 'ಆನೆ' ಎಂದು ಕೂಗು ಬಂದರೆ ಎಲ್ಲಿ, ಯಾರು ಕಂಡದ್ದು ಎಂದು ಕೇಳುವ ಹಾಗಿಲ್ಲ. ಕೂಗು ಕಿವಿಗೆ ಬಿದ್ದವರೆಲ್ಲ ಡಬ್ಬ ಬಡಿಯಬೇಕು. ಸೌಮ್ಯ ಟಾರ್ಚನ್ನು ಕೈಯಲ್ಲಿ ಹಿಡಿದೇ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನೊಳಗೆ ಬಿಳಿ ಹಾಸಿಗೆಗಳು ಒಂದರ ಹಿಂದೊಂದು ಬರುತ್ತಿದ್ದವು. "ಅಮ್ಮ, ಮಲ್ಗಿದ್ಯಾ?" ಧನು ಕೇಳಿದಳು. ನಾಳೆಗೆ ಬಿಳಿ ಸಾಕ್ಸು ಬೇಕು, ಇದ್ದದ್ದು ಹರಿದಿದೆ. "ಅಮ್ಮ, ಮಲ್ಗಿದ್ಯಾ? ಪೀಟಿ ಮಿಸ್ ಹೊರಗೆ ನಿಲ್ಲಿಸ್ತಾರೆ." ಸುಮ್ಮನಿದ್ದರೆ ಸುಮ್ಮನಾಗುತ್ತಾಳೆ ಎಂದುಕೊಂಡಳು. "ಅಮ್ಮ, ನೀನು ಮಲ್ಗಿಲ್ಲ, ಸುಮ್ನೆ ಮಾಡ್ತಿದೀಯ." ಮಗು ತನ್ನ ತಣ್ಣನೆಯ ಬೆರಳಿನಿಂದ ತಾಯಿಯ ಕಣ್ಣಿನ ರೆಪ್ಪೆಯನ್ನು ಮೇಲಕ್ಕೆ ಎತ್ತಿತು. ಆಗ ಸೌಮ್ಯ ಹೊಡೆದಳು. ಟಾರ್ಚು ಹಿಡಿದ ಕೈಯಿಂದಲೇ, ಕೈಯಲ್ಲಿ ಟಾರ್ಚಿದೆ ಎಂದು ಗೊತ್ತಿದ್ದೂ.

ಧನು ಅಳಲಿಲ್ಲ. ಉರುಳಿಬಿದ್ದ ಟಾರ್ಚು ತಾನಾಗಿ ಹತ್ತಿಕೊಂಡು ಗೋಡೆಯ ಮೇಲೆ ಬೆಳಕು ಚೆಲ್ಲಿತ್ತು. ಆ ಬೆಳಕಿನಲ್ಲಿ ಹುಬ್ಬಿನ ಮೇಲೆ ಮೊದಲು ಬಿಳಿ ಗೆರೆ ತೆರೆದುಕೊಂಡಿತು, ಆಮೇಲೆ ಅದರಲ್ಲಿ ಕೆಂಪು ತುಂಬಿತು. ಮಗು ತಾಯಿಯನ್ನು ನೋಡುತ್ತಿತ್ತು. ತಾಯಿ ಮಗುವನ್ನು ನೋಡುತ್ತಿದ್ದಳು. ಅದು ಎಷ್ಟು ಹೊತ್ತು? ಒಂದು ಉಸಿರು, ಎರಡು ಉಸಿರು. ಆಮೇಲೆ ಸೌಮ್ಯ, ಗೋಡೆಯ ಕಡೆ ತಿರುಗಿ, ಬಾಯಿ ತೆರೆದು "ಆನೆ! ಆನೆ!" ಎಂದು ಕಿರುಚಿದಳು. ಈ ಎರಡು ತಿಂಗಳಲ್ಲಿ ಅವಳು ಹೊಡೆದದ್ದನ್ನು ಒಂದು ರೀತಿ ನುಂಗಿಕೊಂಡಿದ್ದಾಳೆ. ದಣಿದವರು ಹೊಡೆಯುತ್ತಾರೆ, ಅವಳ ಅವ್ವ ಹೊಡೆದಿದ್ದಳು, ಎಲ್ಲರೂ ಹೊಡೆಯುತ್ತಾರೆ. ನುಂಗಲು ಆಗದಿರುವುದು ಆ ಎರಡು ಉಸಿರು. ಹೊಡೆತಕ್ಕೂ ಕೂಗಿಗೂ ಮಧ್ಯೆ ಅವಳು ಯೋಚನೆ ಮಾಡಿದ್ದಳು. ರಕ್ತ ನೋಡಿ, ಏನು ಹೇಳಬಹುದು ಎಂದು ಹುಡುಕಿದ್ದಳು, ಮತ್ತು ಹುಡುಕಿದ್ದು ಸಿಕ್ಕಿತ್ತು.

ಮೊದಲು ಕಾಳಮ್ಮ ಎದ್ದು ಡಬ್ಬ ಬಡಿದಳು. ಆಮೇಲೆ ಪಕ್ಕದ ಮನೆಯ ಮುದ್ದಿ. ಆಮೇಲೆ ಇಡೀ ಲೈನು, ಗುಡ್ಡದ ಆಚೆಯ ಮನೆಗಳು, ಯಾರೋ ಪಟಾಕಿ ಹಚ್ಚಿದರು, ನಾಯಿಗಳು ಬೊಗಳಿದವು. ಸೆರಗಿನಿಂದ ಮಗಳ ಹುಬ್ಬು ಒತ್ತಿಹಿಡಿದು ಸೌಮ್ಯ ಆ ಸದ್ದಿನ ನಡುವೆ ಕೂತಿದ್ದಳು. ಅಷ್ಟೂ ಡಬ್ಬಗಳು ತನ್ನ ಸುಳ್ಳನ್ನೇ ಬಡಿಯುತ್ತಿದ್ದವು. ತೋಟ ಕಾಯುವ ವಾಚರ್ ಗುರುವಪ್ಪ ಓಡಿಬರುವಾಗ ಚರಂಡಿಗೆ ಬಿದ್ದು ಕಾಲು ಉಳುಕಿಸಿಕೊಂಡ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗ ಸಿಸ್ಟರು "ಹೆಂಗಾಯ್ತು ಪುಟ್ಟ?" ಎಂದು ಕೇಳಿದರೆ ಧನು ತಾಯಿಯ ಮುಖ ನೋಡಿ, "ಅಮ್ಮಂಗೆ ಕನಸು ಬಿತ್ತು," ಎಂದಳು. ಬೆಳಗಾದರೆ ಹಿತ್ತಲ ಹಲಸಿನ ಮರದಡಿ ನಿಜವಾಗಿಯೂ ಲದ್ದಿ ಬಿದ್ದಿತ್ತು. ನಿನ್ನೆಯದೋ ಮೊನ್ನೆಯದೋ. "ನಿನ್ನ ಕನಸ್ನಾಗೆ ಬಂದು ಎಬ್ಬಿಸ್ದ ಕಣೇ ಗಣಪ್ಪ," ಎಂದಳು ಕಾಳಮ್ಮ ಕೈಮುಗಿದು. "ಇಲ್ದಿದ್ರೆ ಗ್ವಾಡೆ ಕೆಡವಿ ಒಳೀಕೇ ಬರ್ತಿತ್ತು." ಲದ್ದಿಯ ಪಕ್ಕ ಕಾಯಿ ಒಡೆದು, ಒಂದು ಹೋಳನ್ನು ಸೊಸೆಯ ಕೈಗೆ ಪ್ರಸಾದವೆಂದು ಕೊಟ್ಟಳು. ಸೌಮ್ಯ ಅದನ್ನು ತಿಂದಳು. ಲೋಕೇಶ್ ಬಂದ ಮೇಲೆ ಒಂದು ದಿನ ಹೇಳಲು ಹೊರಟಿದ್ದಳು, "ನಂಗೆ ಅವತ್ತು ನಿದ್ದೆ ಬಂದಿರ್ಲಿಲ್ಲ ರೀ," ಎಂದು. ಅವನು ಸ್ಟೇರಿಂಗ್ ಹಿಡಿದು ಮರಗಟ್ಟಿದ ಬೆರಳುಗಳ ನೆಟಿಗೆ ತೆಗೆಯುತ್ತ, "ನಿಂಗೆ ಯಾವತ್ತು ಸರಿಯಾಗಿ ನಿದ್ದೆ ಬಂದದೆ? ಮಲ್ಕೋ," ಎಂದು ಆಚೆ ತಿರುಗಿದ.

ಮೂರನೇ ರೂಮಿನವರು ಕೊನೆಗೂ ಎದ್ದರು. ಸೌಮ್ಯ ಹಾಸಿಗೆ ಕೊಡವಿದಳು. ದಿಂಬಿನ ಮೇಲೆ ಎರಡು ತಲೆಗಳ ತಗ್ಗು ಇನ್ನೂ ಬೆಚ್ಚಗಿತ್ತು. ಧನು ಟಾರ್ಚಿಗೆ ಕೆಂಪು ಬಟ್ಟೆ ಸುತ್ತಿಕೊಂಡು ರಾತ್ರಿ ಹೊತ್ತು ಮನೆಯವರ ಕಣ್ಣುಗಳನ್ನು ನೋಡಲು ಶುರುಮಾಡಿದ್ದು ಒಂದು ತಿಂಗಳ ಹಿಂದೆ. ಕನಸಿನ ನಿದ್ದೆಯಲ್ಲಿ ರೆಪ್ಪೆಯ ಒಳಗೆ ಗುಡ್ಡೆಗಳು ಅತ್ತಿಂದಿತ್ತ ಓಡುತ್ತವಂತೆ, ಕೈಕಾಲು ಮಾತ್ರ ಸತ್ತ ಹಾಗೆ ಬಿದ್ದಿರುತ್ತವಂತೆ. ಒಂದು ಬೆಳಗಿನ ಜಾವ ಅಜ್ಜಿಯ ಗುಡ್ಡೆ ಓಡಿದ್ದನ್ನು ಕಂಡು ಎಬ್ಬಿಸಿಯೇಬಿಟ್ಟಿದ್ದಳು. "ಅಜ್ಜಿ, ಏನ್ ಕಂಡೆ? ಬೇಗ ಹೇಳು, ಮರ್ತೋಗುತ್ತೆ!" ಕಾಳಮ್ಮ ಎದ್ದು ಕೂತು, "ನಿಮ್ಮ ತಾತ ಬಂದು ಹುಣ್ಸೆಹಣ್ಣು ಕೇಳ್ತಿದ್ರು ಕಣೇ, ಕೊಡಕ್ಕೂ ಬಿಡ್ಲಿಲ್ಲ ಮುಂಡೇದು," ಎಂದು ಅತ್ತು, ಬೈದು, ನಕ್ಕಳು. ಧನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: 4.10, ಅಜ್ಜಿ, ಹುಣಸೆಹಣ್ಣು. ಆಮೇಲೆ ಅಡುಗೆಮನೆಗೆ ಬಂದು, ಏನೂ ಅಲ್ಲವೆಂಬ ಹಾಗೆ ಕೇಳಿದಳು: "ಅಮ್ಮ, ಅವತ್ತು ನೀನು ಮಲ್ಗಿ ಎಷ್ಟು ಹೊತ್ತಾಗಿತ್ತು?" ಸೌಮ್ಯ ರೊಟ್ಟಿ ತಿರುವಿ ಹಾಕಿ, "ಯಾರಿಗ್ ಗೊತ್ತು? ಬಹಳ ಹೊತ್ತಾಗಿತ್ತು," ಎಂದಳು. "ಮೆಸೇಜ್ ಬಂದಿದ್ದು ಒಂಬತ್ತೂವರೆಗೆ. ಡಬ್ಬ ಬಡಿದಾಗ ಹತ್ತೂ ಆಗಿರ್ಲಿಲ್ಲ ಅಂತಾಳೆ ಪಕ್ಕದ್ಮನೆ ಮುದ್ದಕ್ಕ." "ಅಜ್ಜಿ ಕಾಫಿ ಆರೋಗ್ತದೆ, ಕೊಡು ಹೋಗು."

ಆ ರಾತ್ರಿಯಿಂದ ಮಗಳು ತನ್ನನ್ನೂ ನೋಡುತ್ತಾಳೆ ಎಂದು ಸೌಮ್ಯಳಿಗೆ ತಿಳಿಯಿತು. ಮುಚ್ಚಿದ ರೆಪ್ಪೆಯ ಮೇಲೆ ಕೆಂಪು ಬೆಳಕು ಬಂದು ನಿಲ್ಲುತ್ತಿತ್ತು. ಮಗಳ ಉಸಿರು ಕೆನ್ನೆಗೆ ತಾಗುವಷ್ಟು ಹತ್ತಿರ. ಎರಡನೇ ರಾತ್ರಿ ಅವಳು ಮಾಡಿದ್ದನ್ನು ನೆನೆದರೆ ಈಗಲೂ, ಈ ಬಿಳಿ ದಿಂಬಿಗೆ ಹೊಸ ಗವಸು ಹಾಕುತ್ತಿರುವಾಗಲೂ, ನಾಚಿಕೆಯಾಗುತ್ತದೆ. ಮಲಗಿ ಹತ್ತು ನಿಮಿಷವೂ ಆಗಿರಲಿಲ್ಲ. ಕೆಂಪು ಬೆಳಕು ಬಂದ ತಕ್ಷಣ ಅವಳು ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳನ್ನು ಆಚೆಗೊಮ್ಮೆ ಈಚೆಗೊಮ್ಮೆ ಓಡಿಸತೊಡಗಿದಳು. ಇಂಥ ಹೆಂಗಸಿಗೆ ಮಲಗಿದ ಕೂಡಲೇ ಕನಸು ಬೀಳುತ್ತದೆ ಎಂದು ಬರೆದುಕೊಳ್ಳಲಿ. ಮೂವತ್ನಾಲ್ಕು ವರ್ಷದ ಹೆಂಗಸು, ಹನ್ನೊಂದು ವರ್ಷದ ಮಗಳ ಮುಂದೆ, ಉಸಿರು ಹಿಡಿದುಕೊಂಡು, ಕುರುಡರ ಹಾಗೆ ಗುಡ್ಡೆ ಹೊರಳಿಸುತ್ತ ಮಲಗಿದ್ದಳು. ಬೆಳಕು ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ಆರಿತು. ಮಾರನೆಯ ದಿನ ಧನು ಸ್ನಾನಕ್ಕೆ ಹೋದಾಗ ನೋಟ್‌ಬುಕ್ಕು ತೆಗೆದು ನೋಡಿದಳು. ಗುಂಡನೆಯ ಅಕ್ಷರದಲ್ಲಿ ಹೀಗಿತ್ತು: 10.05, ಅಮ್ಮ. ರೆಪ್ಪೆ ನಡುಗುತ್ತಿದೆ. ಎಚ್ಚರ.

ಅವತ್ತಿನಿಂದ ಅವಳಿಗೆ ಒಂದೇ ಯೋಚನೆ. ಈ ಹುಡುಗಿ ಲೆಕ್ಕ ಹಾಕಿ ಹಿಡಿಯುತ್ತಾಳೆ. ಹಿಡಿದು, ಚಾರ್ಟಿನ ಮೇಲೆ ಬರೆದು, ಊರವರೆದುರು ಕೋಲಿನಿಂದ ತೋರಿಸುತ್ತಾಳೆ. ಆಮೇಲೆ ಅವಳು ತನ್ನನ್ನು ಯಾವ ಕಣ್ಣಿನಿಂದ ನೋಡಬಹುದು ಎಂಬುದರ ಮುಂದಕ್ಕೆ ಯೋಚನೆ ಹೋಗುತ್ತಿರಲಿಲ್ಲ.

ಒಂದು ಗಂಟೆಗೆ ಅವಳು ತೋಟದ ದಾರಿ ಹಿಡಿದು ಹೊರಟಳು. ಕಣದಲ್ಲಿ ಕಾಫಿ ಹರವಿದ್ದರು; ಒಣಗುವ ಹಣ್ಣಿನ ಹುಳಿ ವಾಸನೆ ಬಿಸಿಲಿಗೆ ಮೂಗಿಗೆ ಹತ್ತುತ್ತಿತ್ತು. ಗೇಟಿನಲ್ಲಿ ವಾಚರ್ ಗುರುವಪ್ಪ ಕೂತಿದ್ದ. ಅವಳನ್ನು ಕಂಡು ಎದ್ದ, ಎಡಗಾಲನ್ನು ಇನ್ನೂ ಎಳೆದು ಹಾಕುತ್ತಾನೆ.

"ಎಂತ ಸೌಮ್ಯಕ್ಕ, ಸೀರೆ ಗೀರೆ ಜೋರುಂಟು. ಇವತ್ತು ಆನೆ ಎಲ್ಲಿ ಬರ್ತದೆ, ಮೊದ್ಲೇ ಹೇಳಿ. ನಾನು ಈಗ್ಲೇ ಚರಂಡೀಲಿ ಹೋಗಿ ಕೂತ್ಕೊಳ್ತೇನೆ."

"ಕಾಲು ಹೆಂಗಿದೆ ಗುರುವಪ್ಪಣ್ಣ?"

"ಕಾಲಿಗೆಂತ? ಇನ್ನೊಂದು ಉಂಟಲ್ಲ." ಅವನು ನಕ್ಕ. "ನೀವು ಕೂಗಿದ್ದಕ್ಕೆ ಒಳ್ಳೇದಾಯ್ತು ಅಕ್ಕ. ಲದ್ದಿ ನೋಡ್ಲಿಲ್ವಾ, ಮನೆ ಪಕ್ಕಕ್ಕೇ ಬಂದಿತ್ತು."

ಅವನು ಬೈದಿದ್ದರೆ ಚೆನ್ನಾಗಿತ್ತು. ರಸ್ತೆಗೆ ಬಂದು, ಬಸ್ಸಿಗೆ ಕಾಯದೆ, ಆಟೋಗಳು ಹಾರ್ನ್ ಮಾಡಿ ಕರೆದರೂ ಹತ್ತದೆ ನಡೆದಳು. ನಡೆಯುತ್ತಿರುವಷ್ಟು ಹೊತ್ತು ಶಾಲೆ ಬರುವುದಿಲ್ಲ. ತಲೆನೋವೆಂದು ವಾಪಸ್ಸು ಹೋಗಬಹುದು. ಕುಟ್ಟಪ್ಪನವರು ಬಿಡಲಿಲ್ಲ ಎನ್ನಬಹುದು. ಕಾರಣಗಳು ಎಷ್ಟು ಸಲೀಸಾಗಿ ಬಂದು ನಿಲ್ಲುತ್ತವೆ ಎಂದು ಅವಳಿಗೇ ಅಸಹ್ಯವಾಯಿತು, ಕರೆಯುವ ಮುಂಚೆಯೇ, ಸಾಲಾಗಿ, ಇಸ್ತ್ರಿ ಮಾಡಿಸಿಕೊಂಡು.

ಶಾಲೆಯ ಹಾಲಿನಲ್ಲಿ ಬೆಂಚುಗಳ ಮೇಲೆ ಜ್ವಾಲಾಮುಖಿಗಳು ಹೊಗೆಯುಗುಳುತ್ತಿದ್ದವು. ಕಿಟಕಿಯ ಹತ್ತಿರ ಧನುಶ್ರೀ ನಿಂತಿದ್ದಳು. ಅವಳ ಹಿಂದೆ ಥರ್ಮಾಕೋಲಿನ ಮೇಲೆ ಅಂಟಿಸಿದ ದೊಡ್ಡ ಚಾರ್ಟು: ಮೇಲುಗಡೆ 'ಎಚ್ಚರ' ಎಂದು ಒಂದು ಗೆರೆ, ಅಲ್ಲಿಂದ ಕೆಳಕ್ಕೆ ಒಂದನೇ, ಎರಡನೇ, ಮೂರನೇ ಹಂತಗಳ ಮೆಟ್ಟಿಲುಗಳು; ನೀಲಿ ದಾರ ಇಳಿಯುತ್ತ ಹತ್ತುತ್ತ ರಾತ್ರಿಯ ಉದ್ದಕ್ಕೂ ಹೋಗುತ್ತಿತ್ತು, ಕನಸಿನ ನಿದ್ದೆ ಬಂದ ಕಡೆಯೆಲ್ಲ ಕೆಂಪು ಉಲ್ಲನ್ ದಾರ. ಕೆಳಗೆ, ಎಡಮೂಲೆಯಲ್ಲಿ, ಚೌಕ ಹಾಕಿ ಬರೆದಿತ್ತು: ಉದಾಹರಣೆಗೆ ನನ್ನ ತಾಯಿ. ಚೌಕದೊಳಗೆ ಒಂದು ಆನೆ, ಒಂದು ಟಾರ್ಚು. ಸೌಮ್ಯ ದೂರದಲ್ಲೇ ನಿಂತಳು. ಚೌಕದಿಂದ ಹೊರಟ ಬಾಣದ ಗುರುತು ಯಾವ ಮೆಟ್ಟಿಲಿಗೆ ಹೋಗಿದೆ ಎಂಬುದು ಜನ ಅಡ್ಡ ನಿಂತದ್ದರಿಂದ ಕಾಣುತ್ತಿರಲಿಲ್ಲ.

"ಧನುಶ್ರೀ ಅಮ್ಮ ಅಲ್ವಾ? ಬನ್ನಿ ಬನ್ನಿ." ವಿಜ್ಞಾನದ ಮೇಷ್ಟ್ರು ತೀರ್ಥಪ್ರಸಾದ್ ಕೈಗೆ ಹತ್ತಿದ್ದ ಗೋಂದನ್ನು ಪ್ಯಾಂಟಿಗೆ ಒರೆಸುತ್ತ ಬಂದರು. ಗಾಳಿಬೀಡಿನ ಕಡೆಯವರು, ಇನ್ನೂ ಮೂವತ್ತಾಗದ ಹುಡುಗ. "ಎಂತ ಮಗಳನ್ನು ಸಾಕಿದ್ದೀರಿ ನೀವು! ಒಂದು ತಿಂಗಳಿಂದ ನನ್ನ ತಲೆ ತಿಂದು ಹಾಕಿದ್ದಾಳೆ."

"ಏನ್ ಮಾಡಿದ್ಲು ಸಾರ್?"

"ಮಲಗಿ ಹತ್ತು ನಿಮಿಷಕ್ಕೆ ಕನಸು ಬೀಳ್ತದಾ ಸಾರ್ ಅಂತ ಕೇಳಿದ್ಲು. ಇಲ್ಲಮ್ಮ, ಒಂದೂವರೆ ಗಂಟೆ ಬೇಕು ಅಂದೆ. ಬೀಳ್ಲೇಬೇಕು ಸಾರ್ ಅಂತಾಳೆ! ಮಾರನೇ ದಿನ ಮತ್ತೆ ಬಂದ್ಲು. ಮೂರನೇ ಹಂತದಲ್ಲಾದ್ರೂ ಹೊಡೀತಾರಾ ಸಾರ್? ಹೊಡೀಬಹುದು, ಆದ್ರೆ ಅಷ್ಟು ಬೇಗ ಅಲ್ಲಿಗೆ ಇಳಿಯೋದು ಕಷ್ಟ ಅಂದೆ. ಸ್ಟಾಫ್ ರೂಮಲ್ಲೇ ಅತ್ತುಬಿಟ್ಲು. ನಾನು ಹೆದ್ರಿ ಹೋದೆ ಮಾರಾಯ್ರೇ. ಆಮೇಲೆ ನಾನೇ ಹುಡುಕಿ ಹೇಳಿದೆ, ಒಂದನೇ ಹಂತದಲ್ಲೂ ಚಿತ್ರ ಬರ್ತವೆ, ಮೈ ಜುಮ್ ಅಂತ ಎಗರ್ತದೆ, ಬೀಳೋ ಹಾಗೆ ಆಗ್ತದೆ ಅಂತ. ಆಗ ನೋಡ್ಬೇಕಿತ್ತು ಅವಳ ಮುಖ." ಅವರು ನಕ್ಕರು. "ಬಹುಮಾನ ಬಂದಷ್ಟು ಖುಷಿ."

ಸೌಮ್ಯ ಬೆಂಚಿನ ಅಂಚು ಹಿಡಿದುಕೊಂಡಳು. ಮಗಳು ತನ್ನನ್ನು ಹಿಡಿಯಲು ಹುಡುಕುತ್ತಿದ್ದಾಳೆ ಎಂದು ಅವಳು ಹೆದರಿದ್ದಳು. ಮಗಳಿಗೆ ಹಿಡಿಯಬೇಕಾದ್ದೇನೂ ಇರಲಿಲ್ಲ. ಅವತ್ತೇ, ಟಾರ್ಚಿನ ಬೆಳಕಿನಲ್ಲಿ, ತಾಯಿಯ ತೆರೆದ ಕಣ್ಣನ್ನು ಅಷ್ಟು ಹತ್ತಿರದಿಂದ ನೋಡಿದ್ದಳು. ಆಮೇಲೆ ಹುಡುಕಿದ್ದು ತಾಯಿಯನ್ನು ಕೂರಿಸಲು ಒಂದು ಜಾಗ. ಮೆಟ್ಟಿಲು ಮೆಟ್ಟಿಲು ಇಳಿದು, ಕೆಂಪು ಬೆಳಕು ಹಿಡಿದುಕೊಂಡು, ಯಾವ ಮೆಟ್ಟಿಲ ಮೇಲಾದರೂ ಇವಳು ನಿರಪರಾಧಿಯಾಗಿ ಮಲಗಿರಬಹುದೇ ಎಂದು. ಒಂದು ತಿಂಗಳು. ಅಷ್ಟು ದಿನವೂ ಸೌಮ್ಯ ರೊಟ್ಟಿ ತಿರುವಿ ಹಾಕಿದ್ದಳು.

ತೀರ್ಪುಗಾರರು ಬಂದರು. ಕುಶಾಲನಗರದಲ್ಲಿ ಕಾಲೇಜು ಲೆಕ್ಚರರು, ನವೀನ್‌ಕುಮಾರ್ ಎಂದು ಎದೆಯ ಮೇಲೆ ಚೀಟಿ. ಧನು ಕೋಲು ಎತ್ತಿಕೊಂಡಳು. ಅವಳ ದನಿ ಮನೆಯಲ್ಲಿ ಕೇಳಿದ ದನಿಯಾಗಿರಲಿಲ್ಲ, ಪುಸ್ತಕದ ಕನ್ನಡ, ತಡವರಿಕೆಯಿಲ್ಲ. ಹಂತಗಳನ್ನು ಹೇಳಿದಳು, ಕಣ್ಣುಗುಡ್ಡೆ ಹೇಳಿದಳು, ಅಜ್ಜಿಯ ಹುಣಸೆಹಣ್ಣು ಹೇಳಿ ನಗಿಸಿದಳು. ಆಮೇಲೆ ಕೋಲು ಮೂಲೆಯ ಚೌಕಕ್ಕೆ ಹೋಯಿತು. "ಒಂದನೇ ಹಂತದಲ್ಲಿ, ಅಂದರೆ ಮಲಗಿದ ಕೆಲವೇ ನಿಮಿಷದಲ್ಲಿ, ಕ್ಷಣಿಕ ಚಿತ್ರಗಳು ಕಾಣಬಹುದು. ಉದಾಹರಣೆಗೆ ನನ್ನ ತಾಯಿ. ಅವರಿಗೆ ಒಂದು ಕಾಡಾನೆ ಕಂಡಿತು. ಅವರು ಅದನ್ನು ಓಡಿಸಲು ಕೈ ಬೀಸಿದರು. ಅವರಿಗೆ ಅದರ ಅರಿವು ಇರಲಿಲ್ಲ."

"ಕಣ್ಣು ಮುಚ್ಚಿಕೊಂಡೇ ಇದ್ರಾ?" ತೀರ್ಪುಗಾರರು ಕೇಳಿದರು.

ಧನು ತಾಯಿಯ ಕಡೆ ನೋಡಲಿಲ್ಲ. ಒಂದು ಉಸಿರು, ಎರಡು ಉಸಿರು.

"ಹೌದು ಸರ್. ಮುಚ್ಚಿತ್ತು," ಎಂದಳು.

ಆ ಎರಡು ಉಸಿರು ಸೌಮ್ಯಳಿಗೆ ಗೊತ್ತಿತ್ತು. ಅವುಗಳ ಒಳಗೆ ಏನು ನಡೆಯುತ್ತದೆ, ಹುಡುಕುವ ಕೈ ಹೇಗೆ ತಡಕುತ್ತದೆ, ಸಿಕ್ಕಾಗ ಹೇಗೆ ಮುಷ್ಟಿ ಬಿಗಿಯಾಗುತ್ತದೆ ಎಲ್ಲ ಗೊತ್ತಿತ್ತು. ಮಗಳ ಮುಖದ ಮೇಲೆ ಅದನ್ನು ನೋಡಿದಾಗ, ತನ್ನ ಹಳೆಯ ಸೀರೆಯನ್ನು ಬೇರೆ ಯಾರೋ ಉಟ್ಟು ಎದುರಿಗೆ ಬಂದಂತಾಗಿ, "ಇಲ್ಲ ಸಾರ್," ಎಂದುಬಿಟ್ಟಳು. ಎಲ್ಲರೂ ತಿರುಗಿದರು. "ನಾನೇ ಅವ್ರಮ್ಮ. ನಾನು ಮಲ್ಗಿರ್ಲಿಲ್ಲ. ಎಚ್ಚರ ಇದ್ದೆ. ಎಚ್ಚರ ಇದ್ದೇ ಹೊಡ್ದೆ ಸಾರ್."

ನವೀನ್‌ಕುಮಾರ್ ಕನ್ನಡಕ ಮೇಲೇರಿಸಿ, ತುಂಬ ಸಂತೋಷದಿಂದ ನಕ್ಕರು. "ನೋಡಿ ನೋಡಿ! ಇದೇ ಪಾಯಿಂಟು. ಒಂದನೇ ಹಂತದಲ್ಲಿದ್ದೋರನ್ನ ಎಬ್ಬಿಸಿ ಕೇಳಿದ್ರೆ ಎಷ್ಟೋ ಜನ ಹಿಂಗೇ ಹೇಳೋದು, ನಾನು ಮಲಗೇ ಇರಲಿಲ್ಲ ಅಂತ. ಅಲ್ವಾ ಮೇಷ್ಟ್ರೇ?"

"ಹೌದು ಸಾರ್, ಚಾರ್ಟಲ್ಲೇ ಬರ್ದಿದ್ದಾಳೆ ಅದನ್ನ," ಎಂದರು ತೀರ್ಥಪ್ರಸಾದ್ ಹೆಮ್ಮೆಯಿಂದ.

"ಹಂಗಲ್ಲ ಸಾರ್. ನಂಗೆ ಗೊತ್ತು. ಸಾಕ್ಸ್ ಕೇಳ್ತಿದ್ಲು, ನಂಗೆ ಕೇಳಿಸ್ತಿತ್ತು..."

"ಕೇಳಿಸುತ್ತಮ್ಮ, ಆ ಹಂತದಲ್ಲಿ ಹೊರಗಿನ ಶಬ್ದಾನೂ ಕೇಳಿಸುತ್ತೆ. ನಿಮ್ಮ ತಪ್ಪೇನಿಲ್ಲ, ನೀವು ಬೇಜಾರ್ ಮಾಡ್ಕೋಬೇಡಿ." ಅವರು ಹಾಳೆಯ ಮೇಲೆ ಏನೋ ಗುರುತು ಹಾಕಿದರು. "ವೆರಿ ಗುಡ್ ಪುಟ್ಟ. ತಾಯಿನೇ ಕರ್ಕೊಂಡು ಬಂದು ಪ್ರಯೋಗ ತೋರಿಸಿಬಿಟ್ಟೆ." ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಯಾರೋ ಒಬ್ಬ ತಂದೆ ಮೊಬೈಲಿನಲ್ಲಿ ಸೌಮ್ಯಳ ಫೋಟೋ ತೆಗೆದ. ಎಲ್ಲರೂ ಜ್ವಾಲಾಮುಖಿಯ ಕಡೆ ಸರಿದರು.

ಸೌಮ್ಯ ಅಲ್ಲೇ ನಿಂತಿದ್ದಳು. ಎರಡು ತಿಂಗಳು ಗಂಟಲಲ್ಲಿ ಕೂತದ್ದನ್ನು ಕಕ್ಕಿದ್ದಾಯಿತು, ಅದನ್ನೂ ಒರೆಸಿ, ಮಡಿಸಿ, ವಾಪಸ್ಸು ಅವಳ ಕೈಗೇ ಕೊಟ್ಟು ಹೋಗಿದ್ದರು. ನಗದೇ ಇದ್ದವಳು ಧನು ಒಬ್ಬಳೇ. ಕೋಲಿನ ತುದಿಯಿಂದ ನೆಲದ ಸಿಮೆಂಟಿನ ಬಿರುಕನ್ನು ಕೆರೆಯುತ್ತಿದ್ದಳು.

"ಯಾಕೆ ಹೇಳ್ದೆ?" ಕೊನೆಗೆ ಕೇಳಿದಳು, ತಲೆಯೆತ್ತದೆ.

"ನೀನು ನಂಗೋಸ್ಕರ ಸುಳ್ಳು ಹೇಳ್ಬಾರ್ದು."

"ನಾನು ಆಸ್ಪತ್ರೆಲೇ ಹೇಳಿದ್ನಲ್ಲ. ಆಗ ಸುಮ್ನಿದ್ದೆ."

ಈ ಸಲ ಸೌಮ್ಯ ಕಾರಣ ಹುಡುಕಲಿಲ್ಲ. "ಹೌದು," ಎಂದಳು. "ಸುಮ್ನಿದ್ದೆ."

ಧನು ಮೊದಲ ಸಲ ಅವಳ ಮುಖ ನೋಡಿದಳು. ಏನೋ ಹೇಳುವವಳಿದ್ದಳು, ಅಷ್ಟರಲ್ಲಿ ಬಾಗಿಲಿನಿಂದ ಎರಡನೇ ಕ್ಲಾಸಿನ ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದು ರೈಲಿನ ಹಾಗೆ ಬಂದು ಚಾರ್ಟಿನ ಮುಂದೆ ನಿಂತವು. "ಅಕ್ಕ, ಇದ್ರಲ್ಲಿ ಆನೆ ಯಾಕಿದೆ?" ಮುಂದಿನ ಹಲ್ಲಿಲ್ಲದ ಹುಡುಗಿಯೊಂದು ಕೇಳಿತು.

ಧನು ಕೋಲು ಎತ್ತಿದಳು. ಚೌಕದ ಹತ್ತಿರ ಒಯ್ದು, ಅಲ್ಲಿ ನಿಲ್ಲಿಸಿದಳು. ಆಮೇಲೆ ಕೋಲನ್ನು ಇಳಿಸಿ, ಕಾಲಿನಿಂದ ಬೆಂಚನ್ನು ಚಾರ್ಟಿನ ಮುಂದಕ್ಕೆ ಎಳೆದಳು.

"ಅದನ್ನ ನಮ್ಮಮ್ಮ ಹೇಳ್ತಾರೆ. ಅವ್ರನ್ನೇ ಕೇಳಿ," ಎಂದು ಪಕ್ಕಕ್ಕೆ ಸರಿದು, ಗೋಡೆಗೆ ಒರಗಿ ಕೈ ಕಟ್ಟಿಕೊಂಡಳು.

ಇಪ್ಪತ್ತು ಮುಖಗಳು ಸೌಮ್ಯಳ ಕಡೆ ತಿರುಗಿದವು. ಇವರಿಗೆ ಹಂತಗಳು ಗೊತ್ತಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ನಂಬುತ್ತಾರೆ. ಅವಳು ಬೆಂಚಿನ ಮೇಲೆ ಕೂತಳು. ಸೆರಗನ್ನು ಸರಿಮಾಡಿಕೊಂಡಳು. ಗೋಡೆಯ ಹತ್ತಿರದಿಂದ ಮಗಳು ನೋಡುತ್ತಿದ್ದಾಳೆ ಎಂದು, ನೋಡದೆಯೇ ಗೊತ್ತಿತ್ತು.

"ಆನೆ ಬಂದಿರ್ಲಿಲ್ಲ ಮಕ್ಳೇ," ಎಂದಳು.